ಬೆಂಚಿನ ಮೀನುಗಳು

ಸಿಗ್ನೆಯನ್ನು ಆರಿಸಿದ್ದು ಅವಳ ಮಾತಿಗಲ್ಲ, ಅವಳ ಕೋಟಿಗೆ. ಕ್ರೆಸೆಟ್ ಕೊಲ್ಲಿಯ ಗಾಳದವರಲ್ಲಿ ಮೀನಿನ ವಾಸನೆ ಹತ್ತದ ಕೋಟು ಇದ್ದದ್ದು ಅವಳೊಬ್ಬಳ ಬಳಿಯೇ. ಪಟ್ಟಣದ ಸಭೆಗೆ ಯಾರಾದರೂ ಹೋಗಲೇಬೇಕಿತ್ತು. ಉಳಿದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು.

ಅದಕ್ಕೆ ಮೊದಲು ಸಭೆಯಲ್ಲಿ ಗಾಳದವರ ಕುರ್ಚಿ ಅವಳ ಗಂಡ ಡೆನ್ಜಿಲ್‌ನದು. ನವೆಂಬರಿನ ಒಂದು ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಅವನು ಗಾಡಿಯ ಬಾಗಿಲು ತೆರೆದ, ಇಳಿಯಲಿಲ್ಲ. ಎದೆ ನಿಂತುಹೋಗಿತ್ತು. ಮಣ್ಣಿಗೆ ಊರೆಲ್ಲ ಬಂದಿತ್ತು. ಅವಳು ಅಳಲಿಲ್ಲ. ಮರುವಾರವೇ ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು.

ಆ ತೀರದ ಹಾಲಿಬಟ್ ಮೀನನ್ನು ತೂಕದ ಲೆಕ್ಕದಲ್ಲಿ ಏಳು ಪಾಲು ಮಾಡಿದರೆ ಆರು ಪಾಲು ದೊಡ್ಡ ದೋಣಿಗಳ ಕಸುಬಿನವರಿಗೆ, ಒಂದು ಪಾಲು ಹವ್ಯಾಸದ ಗಾಳದವರಿಗೆ. ಆ ಒಂದು ಪಾಲು ತೀರಿತೆಂದು ಮೀನುಗಾರಿಕೆ ಇಲಾಖೆಯ ಲೆಕ್ಕ ಹೇಳಿದ ದಿನ ಗಾಳ ಮೇಲೆತ್ತಿ ಮನೆಗೆ ಬರಬೇಕು. ಕಳೆದ ವರ್ಷ ಗಾಳದವರು ತಮ್ಮ ಪಾಲನ್ನು ಮೀರಿ ಹಿಡಿದರೆಂದು ಲೆಕ್ಕ ಹೇಳಿತ್ತು. ಅದಕ್ಕೆ ಶಿಕ್ಷೆಯಾಗಿ ಈ ವರ್ಷ ಜುಲೈ ಕೊನೆಗೇ ಕಡಲು ಮುಚ್ಚುವ ಮಾತು ಎದ್ದಿತ್ತು.

ಜುಲೈ ಬೇಕಾದವರು ರಜೆಗೆ ಬರುವ ಬೇಸಿಗೆಯ ನೆಂಟರು. ಕ್ರೆಸೆಟ್‌ನವರಿಗೆ ಬೇಕಾದದ್ದು ಸೆಪ್ಟೆಂಬರ್. ನೆಂಟರು ಹೊರಟುಹೋಗಿರುತ್ತಾರೆ. ಮಂಜು ಕರಗಿದ ಮೇಲೆ ಕಡಲು ಎಣ್ಣೆ ಹೊಯ್ದಂತೆ ಮಲಗುತ್ತದೆ. ಆಗ ಮುದುಕರ ಸಣ್ಣ ದೋಣಿಗಳೂ ಧೈರ್ಯವಾಗಿ ಹೊರಗೆ ಹೋಗಬಹುದು. ಸಿಗ್ನೆ ಮದುವೆಯಾದ ಮೇಲಿನ ಸೆಪ್ಟೆಂಬರಿನ ಶನಿವಾರಗಳನ್ನೆಲ್ಲ ಡೆನ್ಜಿಲ್‌ನ ದೋಣಿಯಲ್ಲೇ ಕಳೆದಿದ್ದಳು. ಅವನು ಗಾಳ ಇಳಿಬಿಟ್ಟು ಮೊಟ್ಟೆ ಸುಲಿಯುತ್ತಿದ್ದ. ಅವಳು ತೊಡೆಯ ಮೇಲೆ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತಿದ್ದಳು. ಮಕ್ಕಳಿಗೆ ವಾಪಸು ಸಿಗುವ ಹಾಳೆಗಳಲ್ಲಿ ಅಂಕದ ಪಕ್ಕ ಒಂದೆರಡು ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಗಂಟೆಗಟ್ಟಲೆ ಇಬ್ಬರೂ ಮಾತಾಡುತ್ತಿರಲಿಲ್ಲ. ಈಗ ಅವಳಿಗೆ ಬೇರೇನೂ ಬೇಕಿರಲಿಲ್ಲ. ಆ ತಿಂಗಳು ಬೇಕಿತ್ತು.

ಸಭೆಗೆ ಅವಳನ್ನು ಗಾಡಿಯಲ್ಲಿ ಕರೆದೊಯ್ದವನು ಪಕ್ಕದ ಮನೆಯ ಆಕ್ಸೆಲ್ ಲುಂಡ್. ಎಂಬತ್ತರ ಹತ್ತಿರದ ಮುದುಕ.

"ಹೆದರಬೇಡ ಹುಡುಗಿ," ಎಂದ ದಾರಿಯಲ್ಲಿ. "ಡೆನ್ಜಿಲ್ ಏನು ಮಾಡ್ತಿದ್ದ ಗೊತ್ತಾ? ಮೊದಲು ಮೇಜು ಗುದ್ದೋದು. ಮಾತು ಆಮೇಲೆ."

"ನನಗೆ ಗುದ್ದೋಕೆ ಬರಲ್ಲ ಆಕ್ಸೆಲ್."

"ಹಾಗಾದ್ರೆ ಲೆಕ್ಕ ಹೇಳು. ಅದೂ ಗುದ್ದಿದ ಹಾಗೇ. ನನಗಂತೂ ಶಾಲೆಯಲ್ಲಿ ಹಾಗೇ ಅನಿಸ್ತಿತ್ತು."

ಸಭೆಯಲ್ಲಿ ಉದ್ದ ಮೇಜಿನ ಒಂದು ಕಡೆ ಕಸುಬಿನವರು ಸಾಲಾಗಿ ಕೂತಿದ್ದರು, ಇನ್ನೊಂದು ಕಡೆ ಗಾಳದವರ ಒಂದೇ ಕುರ್ಚಿ. ಊರಿನಿಂದ ಬಂದವರಿಗೆ ಗೋಡೆಯ ಬದಿಯಲ್ಲಿ ಜಾಗ. ಆಕ್ಸೆಲ್ ಅಲ್ಲಿ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅಧ್ಯಕ್ಷ ಇಲಾಖೆಯವನು, ಸೌಮ್ಯ ಮನುಷ್ಯ. ಅವನು ಕಳೆದ ವರ್ಷದ ಲೆಕ್ಕ ಓದಿದ. ಗಾಳದವರ ಪಾಲು ಎಲ್ಲಿ ಉಕ್ಕಿತೆಂದು ನೋಡಿದರೆ ಕ್ರೆಸೆಟ್‌ನಲ್ಲಿ. ಅಲ್ಲಿ ಹಿಡಿದಷ್ಟು ಉದ್ದದ ಮೀನುಗಳು ತೀರದ ಬೇರೆ ಯಾವ ಕೊಲ್ಲಿಯಲ್ಲೂ ಇರಲಿಲ್ಲ. ಇಲಾಖೆ ಎಲ್ಲ ಕಡೆ ಜನ ನಿಲ್ಲಿಸಲಾರದು. ಕ್ರೆಸೆಟ್‌ನಲ್ಲಿ ಕೇಳಿದ ಉದ್ದವನ್ನೇ ಹಿಡಿದು ಸುತ್ತಲಿನ ಕೊಲ್ಲಿಗಳಿಗೂ ತೂಕದ ಅಂದಾಜು ಕಟ್ಟುತ್ತಿತ್ತು.

ಕಸುಬಿನವರ ಕಡೆಯಿಂದ ಡೋರೀನ್ ಮ್ಯಾಕ್‌ಫೀ ಎದ್ದಳು. ಅಪ್ಪನ ದೋಣಿಯನ್ನು ತಾನೇ ನಡೆಸುವ ಹೆಂಗಸು, ಮಾತು ಕೊಕ್ಕೆಯ ಹಾಗೆ.

"ಸ್ವಾಮಿ, ನಾನು ಲಂಗ ಹಾಕೋ ಕಾಲದಿಂದ ಸಾವಿರ ಕೊಕ್ಕೆ ಬಿಟ್ಟು ಎಳೀತಿದೀನಿ. ಅಂಥ ಮೀನು ನನ್ನ ಕನಸಿಗೂ ಬಂದಿಲ್ಲ. ಇವರು ಬುತ್ತಿ ಕಟ್ಕೊಂಡು ಹೋಗಿ ಹಿಡ್ಕೊಂಡು ಬರ್ತಾರಂತೆ! ನಮ್ಮ ಹೊಟ್ಟೆಪಾಡಿನ ಮೀನು ಇವರ ಆಟಕ್ಕೆ ಹೋಗ್ತಿದೆ."

ಎಲ್ಲರೂ ಸಿಗ್ನೆಯ ಕಡೆ ತಿರುಗಿದರು.

"ನಿಮಗೆ ಅಂಥ ಮೀನು ಸಿಗದೆ ಇರೋದು ನಿಜ," ಎಂದಳು ಅವಳು. "ಯಾಕಂದ್ರೆ ಅವು ಇರಲೇ ಇಲ್ಲ."

ಆಮೇಲೆ ಬೆಂಚಿನ ವಿಷಯ ಹೇಳಿದಳು. ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಗಾಳದ ಅಂಗಡಿಯ ಸೂರಿನಡಿ ಒಂದು ಬೆಂಚು ಇದೆ. ದೋಣಿ ಕಟ್ಟಿಹಾಕಿ ಬಂದವರು ಮೊದಲು ಅಲ್ಲಿ ಕೂರುತ್ತಾರೆ. ಆ ಬೆಂಚಿಗೊಂದು ಕಟ್ಟಳೆ. ಅದರ ಮೇಲೆ ಕೂತು ಮೀನಿನ ನಿಜವಾದ ಅಳತೆ ಹೇಳಿದವನು ಅಲ್ಲಿದ್ದವರಿಗೆಲ್ಲ ಕಾಫಿ ಕೊಡಿಸಬೇಕು. ಅಜ್ಜಂದಿರ ಕಾಲದಿಂದ ಬಂದದ್ದು. ಕಾಫಿ ಕೊಡಿಸಿದವರನ್ನು ಅವಳು ನೋಡಿಲ್ಲ. ಮೂರು ವರ್ಷದ ಹಿಂದೆ ಇಲಾಖೆ ಉದ್ದ ಕೇಳಿ ಬರೆದುಕೊಳ್ಳಲು ಪ್ರಿಸ್ಕಾ ಎಂಬ ಹುಡುಗಿಯನ್ನು ನೇಮಿಸಿತು. ಮಳೆಯಲ್ಲಿ ನಿಲ್ಲಲಾರದೆ ಆ ಹುಡುಗಿ ಬಂದು ನಿಂತದ್ದು ಅದೇ ಸೂರಿನಡಿ. ಕೇಳಿದ್ದು ಬೆಂಚಿನ ಮೇಲೆ ಕೂತವರನ್ನು.

"ಅವರು ಅವಳಿಗೂ ಬೆಂಚಿನ ಉತ್ತರವನ್ನೇ ಕೊಟ್ಟರು," ಎಂದಳು ಸಿಗ್ನೆ. "ಉದ್ದವನ್ನ ಎರಡರಷ್ಟು ಹೇಳಿದ್ರೆ ತೂಕ ಎಂಟರಷ್ಟಾಗತ್ತೆ. ಅದು ಅವರಿಗೆ ಹೊಳೀಲಿಲ್ಲ."

ಡೋರೀನ್ ಕುರ್ಚಿಗೆ ಒರಗಿ ನಕ್ಕಳು. "ಅಯ್ಯೋ ದೇವರೇ! ಅಂದ್ರೆ ನಿಮ್ಮ ಪಾಲನ್ನ ನೀವು ಬಾಯಲ್ಲೇ ಹಿಡಿದು ಬಾಯಲ್ಲೇ ತಿಂದು ಮುಗಿಸಿದ್ರಿ!"

ಕಸುಬಿನವರ ಸಾಲೆಲ್ಲ ನಕ್ಕಿತು. ಗೋಡೆಯ ಬದಿಯಲ್ಲಿ ಆಕ್ಸೆಲ್‌ನ ಕಿವಿ ಕೆಂಪಾಯಿತು.

ಅಧ್ಯಕ್ಷ ನಗಲಿಲ್ಲ. "ಪಾಲು ಉಳಿಸ್ಕೊಳ್ಳೋಕೆ ಯಾರು ಬೇಕಾದ್ರೂ ಹೀಗೆ ಹೇಳಬಹುದಮ್ಮ. ಇಂಥ ಮೀನು ಸುಳ್ಳು ಅಂತ ಒಂದಾದ್ರೂ ಹೇಳ್ತೀರಾ? ನೀವು ಕಣ್ಣಾರೆ ಕಂಡು ಗೊತ್ತಿರೋದು?"

ಸಿಗ್ನೆ ಮೇಜಿನ ಮೇಲೆ ಕೈ ಇಟ್ಟಳು. ಕಣ್ಣಾರೆ ಕಂಡು ಗೊತ್ತಿದ್ದದ್ದು ಒಂದೇ.

"ಕಳೆದ ಸೆಪ್ಟೆಂಬರಿನದು. ಎಲ್ಲಕ್ಕಿಂತ ದೊಡ್ಡದು."

ಡೋರೀನ್‌ಳ ನಗು ನಿಂತಿತು. ಅವಳೂ ಮಣ್ಣಿಗೆ ಬಂದಿದ್ದಳು. "ಡೆನ್ಜಿಲ್‌ನ ಮೀನಾ? ಅವತ್ತು ಚರ್ಚಲ್ಲಿ ಪಾದ್ರಿ ಕೂಡ ಹೇಳಿದ್ರಲ್ಲೇ ಅದನ್ನ."

"ಹೇಳಿದ್ರು."

"ಅಷ್ಟನ್ನೂ ನಿನ್ನ ತವರಿನವರು ತಿಂದರು ಅಂತಿದ್ದ."

"ನಮ್ಮ ತವರಲ್ಲಿ ಯಾರೂ ಮೀನು ತಿನ್ನಲ್ಲ," ಎಂದಳು ಸಿಗ್ನೆ. "ದೋಣಿಯಲ್ಲಿ ನಾನಿದ್ದೆ. ಏನೋ ಸಿಕ್ಕಿತು, ನಿಜ. ಕೋಲು ಬಾಗಿತು. ನೀರ ಮೇಲೆ ಬರಲೇ ಇಲ್ಲ. ಕೊನೆಗೆ ಕೊಕ್ಕೆ ನೆಟ್ಟಗಾಗಿ ಬಂತು. ಆ ಮೀನನ್ನ ನಾವಿಬ್ಬರೂ ನೋಡಿಲ್ಲ."

ಅವತ್ತು ದೋಣಿಯಲ್ಲಿ ಡೆನ್ಜಿಲ್ ಕೈಯಲ್ಲಿ ಆ ನೆಟ್ಟಗಾದ ಕೊಕ್ಕೆ ಹಿಡಿದು ಮಗುವಿನ ಹಾಗೆ ಅವಳ ಮುಖ ನೋಡಿದ್ದ. ಆಮೇಲೆ, 'ಹೇಳಬೇಡ ಕಣೇ' ಎಂದಿದ್ದ. ಅದನ್ನು ಅವಳು ಸಭೆಗೆ ಹೇಳಲಿಲ್ಲ.

ಮೊದಲು ಮಾತಾಡಿದವಳು ಡೋರೀನ್. "ಬಿಡಿ ಸ್ವಾಮಿ. ಯಾವ ಹೆಂಗಸೂ ಇಂಥ ವಿಷಯದಲ್ಲಿ ಸುಳ್ಳು ಹೇಳಲ್ಲ. ಕ್ರೆಸೆಟ್‌ನ ಉದ್ದ ಹೊಡೆದುಹಾಕಿ, ದೂರದ ಕೊಲ್ಲಿಗಳದ್ದು ಹಾಕಿ. ಆದ್ರೆ ಒಂದು ಮಾತು. ಇನ್ಮೇಲೆ ಬೆಂಚಿನ ಹತ್ರ ಕೇಳೋದು ಬೇಡ. ಮೀನು ಕೊಯ್ಯೋ ಮೇಜಿನ ಮೇಲೆ ಟೇಪು ಹಿಡೀಲಿ. ಬಾಯಿ ಅಳತೆ ಸಾಕು."

ಸಂಜೆಯ ಹೊತ್ತಿಗೆ ಸೆಪ್ಟೆಂಬರ್ ಮುಗಿಯುವವರೆಗೆ ಕಡಲು ತೆರೆದಿರಲಿ ಎಂದಾಯಿತು.

ವಾಪಸು ಬರುವಾಗ ಗಾಡಿ ಓಡಿಸುತ್ತ ಆಕ್ಸೆಲ್ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟ.

"ನನ್ನವೇ ನಾಲ್ಕು ಸುಳ್ಳು ಮೀನು ಇದ್ವಲ್ಲೇ ಆ ಲೆಕ್ಕದಲ್ಲಿ," ಎಂದ. "ಅದರಲ್ಲೊಂದು ಕೊಡಬಾರದಿತ್ತಾ? ನಾನು ಬದುಕಿದೀನಿ, ಬೈಗುಳ ತಿಂತಿದ್ದೆ."

"ನಿಮ್ಮ ದೋಣೀಲಿ ನಾನಿರಲಿಲ್ಲ."

"ಇದ್ದಿದ್ರೂ ಕೊಡ್ತಿರಲಿಲ್ಲ ನೀನು."

ಕಿಟಕಿಯ ಹೊರಗೆ ಕಡಲು ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ಊರಿನಲ್ಲಿ ಕೆಲವರು ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದರು. ತಿಂಗಳು ಉಳಿಯಿತು ನಿಜ, ಆದರೆ ಸತ್ತವನ ಮೀನನ್ನು ಹೀಗೆ ಮೇಜಿನ ಮೇಲೆ ಹಾಕಬಾರದಿತ್ತು ಎಂದು ಅಂಗಡಿಯವನು ಅವಳಿಗೆ ಕೇಳುವಂತೆಯೇ ಹೇಳಿದ. ಬೇಸಿಗೆಯಲ್ಲಿ ಪ್ರಿಸ್ಕಾ ಕೊಯ್ಯುವ ಮೇಜಿನ ಬಳಿ ಟೇಪು ಹಿಡಿದು ನಿಂತಳು. ಅಳೆದ ಮೀನಿನ ಬಗ್ಗೆ ಮತ್ತೇನು ಹೇಳುವುದು? ಜನ ಬೆಂಚಿನ ಮೇಲೆ ಕೂತು ಮೊಣಕಾಲು ನೋವಿನ ಮಾತಾಡತೊಡಗಿದರು. ಕಾಫಿಯ ದುಡ್ಡನ್ನು ಅವರವರೇ ಕೊಡುತ್ತಿದ್ದರು.

ಸೆಪ್ಟೆಂಬರ್ ಬಂತು. ಮಂಜು ಬಂತು, ಕರಗಿತು. ಸಿಗ್ನೆ ಆಕ್ಸೆಲ್‌ನ ದೋಣಿಯಲ್ಲಿ ಹೋದಳು, ಉತ್ತರಪತ್ರಿಕೆ ಒಯ್ಯಲಿಲ್ಲ. ಕಡಲು ಹಿಂದಿನಂತೆಯೇ ಮಲಗಿತ್ತು. ಅದೇ ಹಕ್ಕಿಗಳು, ಅದೇ ಬೆಳಕು. ಎಲ್ಲ ಸಿಕ್ಕಿತ್ತು. ಎದುರಿನ ಹಲಗೆಯ ಮೇಲೆ ಮಾತ್ರ ಮುದುಕನೊಬ್ಬ ಕೂತು ಕೆಮ್ಮುತ್ತಿದ್ದ. ಆ ತಿಂಗಳ ಹೆಸರಿನಲ್ಲಿ ತಾನು ನಿಜಕ್ಕೂ ಕೇಳಿದ್ದು ಏನನ್ನು ಎಂದು ಅವಳಿಗೆ ಆಗ ತಿಳಿಯಿತು. ಅದನ್ನು ಕೊಡುವುದು ಯಾವ ಸಭೆಯ ಕೈಯಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಕ್ಸೆಲ್‌ಗೆ ಒಂದು ಮೀನು ಸಿಕ್ಕಿತು. ಒದ್ದೆ ಗೋಣಿಯ ಹಾಗೆ, ಒಂದು ಸಲವೂ ಕೊಸರಾಡದೆ ಮೇಲೆ ಬಂತು.

ಧಕ್ಕೆಯಲ್ಲಿ ಪ್ರಿಸ್ಕಾ ಅದನ್ನು ಮೇಜಿನ ಮೇಲೆ ಮಲಗಿಸಿ ಟೇಪು ಎಳೆದಳು. ಬೆಂಚಿನವರು ಇಣುಕಿ ನೋಡಿದರು. ಯಾರೋ, "ಇಷ್ಟೇನಾ ಲುಂಡ್?" ಎಂದರು.

ಆಕ್ಸೆಲ್ ಟೊಪ್ಪಿ ಸರಿಮಾಡಿಕೊಂಡ. "ಉದ್ದ ಇಷ್ಟೇ. ಒಪ್ಕೋತೀನಿ. ಎಷ್ಟು ಹೊತ್ತು ಎಳೀತು ಅಂತ ಈ ಹುಡುಗಿ ಕೇಳಿದಳಾ?"

ಪ್ರಿಸ್ಕಾ ತಲೆ ಎತ್ತಿದಳು. "ಅದನ್ನ ಕೇಳು ಅಂತ ಇಲಾಖೆಯವರು ಹೇಳಿಲ್ಲ ಅಜ್ಜ."

"ಹೇಳಿಲ್ಲ ತಾನೇ?" ಅವನು ಬೆಂಚಿನ ಕಡೆಗೆ ನಡೆದ. ಜನ ಸರಿದು ಜಾಗ ಬಿಟ್ಟರು. "ನನ್ನ ಕೈ ನೋಡಿ, ಇನ್ನೂ ನಡುಗ್ತಿದೆ. ಬೆಳಿಗ್ಗೆ ಕಚ್ಚಿದ್ದು. ಮಂಜು ಇತ್ತು, ದೀಪಸ್ತಂಭ ಕಾಣ್ತಿರಲಿಲ್ಲ..."

"ಯಾರ ಹತ್ರ ಹೇಳ್ತೀಯ!" ಎಂದ ಅಂಗಡಿಯವನು ಬಾಗಿಲಲ್ಲಿ ನಿಂತು. "ಇವಳನ್ನೇ ಕೇಳೋಣ. ದೋಣೀಲಿ ಇದ್ದಳಲ್ಲ. ಲೆಕ್ಕದ ಟೀಚರು."

ಎಲ್ಲರೂ ಸಿಗ್ನೆಯನ್ನು ನೋಡಿದರು. ಆಕ್ಸೆಲ್ ಮಾತ್ರ ನೋಡಲಿಲ್ಲ, ಬೂಟಿನ ದಾರ ಬಿಗಿಯುತ್ತ ಬಾಗಿ ಕೂತ.

ಸಿಗ್ನೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಇಷ್ಟು ವರ್ಷ ಅವಳು ಅದರ ಪಕ್ಕದಲ್ಲಿ ನಿಂತಿದ್ದಳೇ ಹೊರತು ಕೂತಿರಲಿಲ್ಲ.

"ಎರಡು ಸಲ ದೋಣೀನೇ ತಿರುಗಿಸ್ತು," ಎಂದಳು. "ಮೂರನೇ ಸಲ ನಾನು ಲಂಗರು ಹಿಡ್ಕೊಂಡು ಕೂತೆ."