ವರದರಾಜ ಮೇಷ್ಟ್ರ ಮಿಲಿಟರಿ ಲಾರಿ

ರಿಟೈರಾದವರು ತೀರ್ಥಯಾತ್ರೆಗೆ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಚಾಮರಾಜಪೇಟೆಯ ವರದರಾಜ ಮೇಷ್ಟ್ರು ಹರಾಜಿನಲ್ಲಿ ಹಳೇ ಮಿಲಿಟರಿ ಲಾರಿ ಕೊಂಡು ತಂದರು. ಕಾಂಪೌಂಡಿನಲ್ಲಿ ಅದು ನಿಂತ ಮೇಲೆ ಮನೆಗೆ ಬಿಸಿಲೇ ಬೀಳಲಿಲ್ಲ.

ವೈರಿಂಗ್ ಸರಿಮಾಡಲು ಬಂದವನು ಮಾಯಣ್ಣ, ಸೈನ್ಯದಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು. ಅವನು ಬ್ಯಾಟರಿ ಚಾರ್ಜ್ ಮಾಡಿಕೊಟ್ಟು, ಸಂಜೆ ಸ್ಟಾರ್ಟ್ ಮಾಡಿ ತೋರಿಸಿ ಹೋಗುತ್ತಿದ್ದ. ಬೆಳಗಾದರೆ ಬ್ಯಾಟರಿ ಖಾಲಿ. ಮೂರನೆಯ ದಿನಕ್ಕೆ ಮೇಷ್ಟ್ರಿಗೆ ಗುಮಾನಿ ಹತ್ತಿತು. ಒಳ್ಳೆಯ ಬ್ಯಾಟರಿ ಸಾಗಿಸಿ ಹಳೆಯದನ್ನು ಕೂರಿಸಿದ್ದಾನೆ! ಗುಟ್ಟಾಗಿ ಬ್ಯಾಟರಿಯ ಮೇಲೆ ಮೊಳೆಯಿಂದ 'ವ' ಎಂದು ಗೀಚಿಟ್ಟರು. ಮಾರನೆಯ ದಿನವೂ ಬ್ಯಾಟರಿ ಖಾಲಿ, 'ವ' ಮಾತ್ರ ಇದ್ದಲ್ಲೇ ಇತ್ತು. ಅಕ್ಷರವನ್ನೂ ನಕಲು ಮಾಡಿದನಲ್ಲ, ಎಂಥ ಖದೀಮ ಎಂದುಕೊಂಡರು.

ಅಂದಿನಿಂದ ಕಾವಲು ಬಿಗಿಯಾಯಿತು. ಮೊದಲ ದಿನದಿಂದ ಮಾಡುತ್ತಿದ್ದ ಹಾಗೆಯೇ, ಮಾಯಣ್ಣ ಹೋದೊಡನೆ ಡ್ಯಾಶ್‌ಬೋರ್ಡಿನ ಒಂಟಿ ಸ್ವಿಚ್ಚನ್ನು ತಾವೇ ಮೇಲೆತ್ತಿ ಆಫ್ ಮಾಡುತ್ತಿದ್ದರು. ಬೆಳಗ್ಗೆ ಅವನು ಬರುವ ಮೊದಲೇ ಕೆಳಕ್ಕೊತ್ತಿ, ಸ್ಟಾರ್ಟರ್ ಅದುಮಿ ನೋಡುತ್ತಿದ್ದರು. ಅದು ಏತರ ಸ್ವಿಚ್ಚೆಂದು ಕೇಳಿದ್ದರೆ ಮಾಯಣ್ಣ ಹೇಳುತ್ತಿದ್ದ. ಆದರೆ ಕಳ್ಳನನ್ನು ಕೇಳುವುದುಂಟೇ?

ಆರನೆಯ ದಿನ ತಡೆಯಲಾಗದೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಎಲ್ಲರಿಗೂ ಕೇಳುವ ಹಾಗೆ ಮಾಯಣ್ಣ ಕಳ್ಳನೆಂದರು. ಪಕ್ಕದಲ್ಲಿದ್ದ ಚಕ್ರಪಾಣಿ ರಿಪೇರಿಗೆ ಬಿಟ್ಟಿದ್ದ ತನ್ನ ಕಾರನ್ನು ಅಂದೇ ಮಾಯಣ್ಣನ ಶೆಡ್ಡಿನಿಂದ ಎಳೆಸಿಕೊಂಡು ಹೋದ. ಮರುದಿನ ಇನ್ನಿಬ್ಬರು.

ಆ ಸಂಜೆ ಮಾಯಣ್ಣ ಬಂದ. ಜಗಳವಾಡಲಿಲ್ಲ. ಚಾರ್ಜಾದ ಬ್ಯಾಟರಿ ಜೋಡಿಸಿ, ದಿನಾ ನಾನು ಹೋದ ಮೇಲೆ ಏನೇನು ಮಾಡ್ತೀರೋ ಮಾಡಿ ತೋರಿಸಿ ಎಂದ. ಮೇಷ್ಟ್ರು ಗತ್ತಿನಿಂದ ಸ್ವಿಚ್ಚು ಮೇಲೆತ್ತಿದರು, ಮನೆಯ ಲೈಟಿನ ಸ್ವಿಚ್ಚು ಆಫ್ ಮಾಡುವ ಹಾಗೇ.

"ಬಗ್ಗಿ ನೋಡಿ ಸಾರ್."

ಲಾರಿಯ ಹಿಂಭಾಗದ ಹೊಟ್ಟೆಯಡಿ ಪುಟ್ಟ ಬಲ್ಬೊಂದು ಉರಿಯುತ್ತಿತ್ತು. ಕತ್ತಲಲ್ಲಿ ಸಾಲಾಗಿ ಹೋಗುವಾಗ ಹಿಂದಿನ ಲಾರಿಯವನಿಗೆ ಮಾತ್ರ ಕಾಣಲೆಂದು ಸೈನ್ಯದವರು ಇಟ್ಟ ದೀಪ ಎಂದು ಮಾಯಣ್ಣ ವಿವರಿಸಿದ. ಈ ಪರದೇಶದ ಗಾಡಿಯಲ್ಲಿ ಸ್ವಿಚ್ಚು ಮೇಲಿದ್ದರೆ ಆನ್, ಕೆಳಗಿದ್ದರೆ ಆಫ್. ರಾತ್ರಿಯಿಡೀ ಉರಿದರೆ ಆ ಮುದಿ ಬ್ಯಾಟರಿಯಲ್ಲಿ ಏನು ಉಳಿದೀತು?

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ಮೇಷ್ಟ್ರಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಬಗ್ಗಿದಲ್ಲೇ ತಪ್ಪಾಯಿತೆಂದರು.

"ಇಲ್ಲಿ ನಾವಿಬ್ರೇ ಇದೀವಿ ಸಾರ್. ಹೋಟ್ಲಲ್ಲಿ ಹೇಳಿದ್ರಲ್ಲ, ಅಲ್ಲೇ ಹೇಳಿ."

ನಾಳೆ ಹೇಳಿದರಾಗದೇ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಮಾಯಣ್ಣ ಗೇಟಿನ ಬಳಿ ಹೋಗಿ ನಿಂತ.

ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಕಾಫಿ ಕುಡಿಯುವವರಲ್ಲಿ ಅರ್ಧಕ್ಕರ್ಧ ಅವರ ಹಳೇ ಶಿಷ್ಯರೇ.