ತಮ್ಮನ ಮನೆಯ ಫ್ರಿಜ್ಜು

ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿಯಿಂದಲೇ ಹೊಟ್ಟೆ ಹೊರೆಯುತ್ತಿರುವ ನನಗೆ, ಸ್ವಂತ ತಮ್ಮನ ಮನೆಯ ಫ್ರಿಜ್ ಹದಿನೈದು ದಿನದಿಂದ ಸೋರುತ್ತಿದೆ ಎಂದು ಗೊತ್ತಾದದ್ದು ಅವನ ಹೆಂಡತಿ ಫೋನಿನಲ್ಲಿ ಬಾಯಿತಪ್ಪಿ ಆಡಿದಾಗ. ಮೈಯೆಲ್ಲ ಉರಿದುಹೋಯಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ಇವ್ರೇ ಬೇಡ ಅಂದ್ರು ಅತ್ತಿಗೆ. ನಿಮಗೆ ಮೊದ್ಲೇ ಕೈತುಂಬ ಕೆಲ್ಸ, ಬೇರೆ ಯಾರನ್ನಾದ್ರೂ ಕರೆಸೋಣ ಅಂದ್ರು."

ಬೇರೆ ಯಾರನ್ನಾದರೂ ಅಂತೆ. ಅವನಿಗೆ ನನ್ನ ಒಂದು ಕಿಡ್ನಿಯನ್ನೇ ಕೊಟ್ಟು ಹನ್ನೊಂದು ತಿಂಗಳಾಗಿತ್ತು. ಅಂಥವಳಿಗೆ ಒಂದು ಫ್ರಿಜ್ ನೋಡಲು ಪುರುಸೊತ್ತಿಲ್ಲವೇ? ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಟೆ.

ಆ ಟೂಲ್‌ಬಾಕ್ಸಿನ ಮುಚ್ಚಳದ ಮೇಲೆ ಒಂದು ಹಿತ್ತಾಳೆ ಫಲಕವಿದೆ. 'ಫ್ರಿಜ್ ಅಕ್ಕ' ಎಂದು ಅದರಲ್ಲಿ ಕೆತ್ತಿದವನು ನನ್ನ ತಮ್ಮನೇ. ಬಹುಮಾನದ ಕಪ್ಪುಗಳ ಮೇಲೆ, ಬಾಗಿಲ ಫಲಕಗಳ ಮೇಲೆ ಅಕ್ಷರ ಕೆತ್ತುವುದು ಅವನ ಕಸುಬು. ಆಪರೇಷನ್ ಆದ ಮೇಲೆ ಅವನ ಕೈ ವಿಪರೀತ ನಡುಗುತ್ತಿತ್ತು. ಅಂಗಡಿ ತೆಗೆದರೂ ಉಳಿ ಹಿಡಿಯಲಾಗದೆ ಸುಮ್ಮನೆ ಕೂತಿರುತ್ತಿದ್ದ. ಮೂರು ತಿಂಗಳ ಹಿಂದೆ ನಡುಕ ಒಮ್ಮೆಲೇ ನಿಂತಿತು. ಆಗ ಮೊದಲು ಕೆತ್ತಿದ್ದೇ ಈ ಫಲಕ. ಒಂದು ಗೆರೆಯೂ ಸೊಟ್ಟಗಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಿಪೇರಿಗೆ ಹೋದ ಮನೆಮನೆಯಲ್ಲೂ ಅದನ್ನು ತೋರಿಸಿ, "ನನ್ನ ಕಿಡ್ನಿ ನಮ್ಮ ತಮ್ಮನಿಗೆ ಹೇಗೆ ಒಗ್ಗಿದೆ ನೋಡಿ" ಎಂದು ಡಂಗುರ ಹೊಡೆದೆ. ಗ್ಯಾಸ್ ತುಂಬಿಸಲು ಕರೆದವರು ಪಾಪ, ಕಿಡ್ನಿ ಕಥೆ ಕೇಳಿ ಕಾಫಿಯನ್ನೂ ಕೊಡಬೇಕಾಗುತ್ತಿತ್ತು.

ನಾನು ಹೋದಾಗ ತಮ್ಮ ಅಂಗಡಿಯಲ್ಲಿದ್ದ. ಭಾನುವಾರವೂ ಬಿಡದಷ್ಟು ಕೆಲಸ ಬಂದಿದೆ ಎಂದು ನಾದಿನಿ ಹೆಮ್ಮೆಯಿಂದ ಹೇಳಿದಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ಎರಡು ಹಳೆ ಟವೆಲ್ ಹಾಸಿದ್ದರು. ಬಾಗಿಲು ತೆಗೆದರೆ ತರಕಾರಿ ಡಬ್ಬಿಯಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಎರಡು ಕ್ಯಾರೆಟ್ ತೇಲುತ್ತಿದ್ದವು.

ಇದೇನು ದೊಡ್ಡ ಬ್ರಹ್ಮವಿದ್ಯೆಯಲ್ಲ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜು. ಫ್ರೀಜರಿನ ಮಂಜು ಕರಗಿದಾಗ ನೀರು ಕೆಳಗಿನ ತಟ್ಟೆಗೆ ಬೀಳುತ್ತದೆ. ತಟ್ಟೆಯ ಹಿಂಬದಿಯಲ್ಲಿ ಬೆರಳು ತೂರುವಷ್ಟು ಒಂದು ತೂತು. ಅಲ್ಲಿಂದ ನೀರು ಕೊಳವೆಯಲ್ಲಿಳಿದು ಹಿಂದುಗಡೆ ಮೋಟಾರಿನ ಮೇಲಿರುವ ಬೋಗುಣಿಗೆ ಬಿದ್ದು, ಬಿಸಿಗೆ ಆವಿಯಾಗುತ್ತದೆ. ತೂತು ಕಟ್ಟಿಕೊಂಡರೆ ನೀರು ಮನೆಯೊಳಗೆ ಬರುತ್ತದೆ, ಅಷ್ಟೇ. ಸಾಮಾನ್ಯವಾಗಿ ಕಟ್ಟಿಕೊಳ್ಳುವುದು ಮಂಜುಗಡ್ಡೆ, ಕೊತ್ತಂಬರಿ ಎಲೆ, ಇಲ್ಲವೇ ಪ್ಲಾಸ್ಟಿಕ್ ಚೂರು.

ಪ್ಲಗ್ ಕಿತ್ತೆ. ದೊಡ್ಡ ಸಿರಿಂಜಿನಲ್ಲಿ ಬಿಸಿನೀರು ತುಂಬಿ ತೂತಿಗೆ ಬಿಟ್ಟೆ. ಹೋದಷ್ಟೇ ವೇಗದಲ್ಲಿ ವಾಪಸ್ ಬಂತು. ಮಂಜುಗಡ್ಡೆಯಾಗಿದ್ದರೆ ಇಷ್ಟು ಹೊತ್ತಿಗೆ ಕರಗಬೇಕಿತ್ತು. ದಪ್ಪ ನೈಲಾನ್ ದಾರ ತೂರಿಸಿ ತಿರುವಿದೆ. ತುದಿಗೆ ಅಂಟಿನಂಥ ಲೋಳೆ ಹತ್ತಿಕೊಂಡು ಬಂತು.

"ಏನ್ರೇ ಇದು, ಫ್ರಿಜ್ಜಿಗೆ ಗೋಂದು ಕುಡಿಸ್ತೀರಾ?" ಎಂದೆ. ನಾದಿನಿ ನಕ್ಕಳು.

ಮತ್ತೆರಡು ಸಿರಿಂಜು ಬಿಸಿನೀರು ಒತ್ತಿದಾಗ ಕೊಳವೆ ಗುಳುಕ್ ಎಂದು ಬಿಟ್ಟುಕೊಂಡಿತು. ಫ್ರಿಜ್ಜನ್ನು ತಿರುಗಿಸಿ ಹಿಂದಿನ ಬೋಗುಣಿ ಎಳೆದು ನೋಡಿದೆ. ಲೋಳೆಯ ಮುದ್ದೆಯೊಳಗೆ ಕ್ಯಾಪ್ಸೂಲುಗಳಿದ್ದವು. ಒಂದಕ್ಕೊಂದು ಅಂಟಿ, ಊದಿ, ಆಕಾರ ಕೆಟ್ಟಿದ್ದರೂ ಬಣ್ಣ ಉಳಿದಿತ್ತು. ಹಳದಿ ಟೋಪಿ, ಬಿಳಿ ಮೈ.

ಅವು ನನಗೆ ಗೊತ್ತಿಲ್ಲದ ಕ್ಯಾಪ್ಸೂಲುಗಳಲ್ಲ. ಆಪರೇಷನ್ ಆದ ಹೊಸತರಲ್ಲಿ, ನನ್ನ ಹೊಲಿಗೆ ಇನ್ನೂ ಹಸಿಯಿದ್ದಾಗಲೇ, ಪ್ರತಿ ಭಾನುವಾರ ಇದೇ ಅಡುಗೆಮನೆಯಲ್ಲಿ ಕೂತು ಅವನ ವಾರದ ಡಬ್ಬಿಗೆ ತುಂಬಿಸಿಟ್ಟವಳು ನಾನು. ಬೇರೆಯವರ ಕಿಡ್ನಿಯನ್ನು ಮೈ ಶತ್ರುವೆಂದೇ ತಿಳಿದು ಕೊಲ್ಲಲು ನೋಡುತ್ತದೆ, ಈ ಮಾತ್ರೆ ಮೈಯ ಕೈ ಕಟ್ಟಿಹಾಕುತ್ತದೆ, ಬೆಳಿಗ್ಗೆ ಸಂಜೆ ಒಂದು ಹೊತ್ತೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು.

ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

"ಅವನು ಮಾತ್ರೆ ತಗೊಳ್ಳೋದನ್ನ ನೀನು ನೋಡ್ತೀಯಾ?"

"ದಿನಾ ನೋಡ್ತೀನಿ ಅತ್ತಿಗೆ. ಬೆಳಿಗ್ಗೆ ನಾನೇ ಕೈಗೆ ಕೊಡ್ತೀನಿ. ಸಂಜೆ ಅಲಾರಾಂ ಹೊಡೆದ ತಕ್ಷಣ ಅವ್ರೇ ಎದ್ದು ಬಂದು, ಇಲ್ಲೇ ಫ್ರಿಜ್ ತೆಗೆದು ನೀರು ಕುಡೀತಾರಲ್ಲ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ನನ್ನ ಮುಂದಿದ್ದ ಬೋಗುಣಿಯ ಮೇಲೆ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಊಟಕ್ಕೆಂದು ತಮ್ಮ ಬಂದ. ನನ್ನನ್ನು ನೋಡಿ, ಗೋಡೆಯಿಂದ ಆಚೆಗೆಳೆದ ಫ್ರಿಜ್ಜನ್ನು ನೋಡಿ, ಬಾಗಿಲಲ್ಲೇ ನಿಂತ.

"ಬೇರೆಯವ್ರನ್ನ ಕರೆಸ್ತೀನಿ ಅಂದಿದ್ನಲ್ಲ" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ.

"ಎಷ್ಟು ದಿನದಿಂದ?" ಎಂದೆ ನಾನು.

"ಸಂಜೇದು ಮಾತ್ರ ಅಕ್ಕ. ಬೆಳಿಗ್ಗೇದು ತಪ್ಪಿಸಿಲ್ಲ."

"ಎಷ್ಟು ದಿನದಿಂದ ಅಂತ ಕೇಳ್ದೆ."

"ಮೂರು ತಿಂಗ್ಳು."

ಫಲಕ ಕೆತ್ತಿದ್ದೂ ಮೂರು ತಿಂಗಳ ಹಿಂದೆಯೇ. ಕೈ ನಡುಗುವುದು ಈ ಮಾತ್ರೆಯಿಂದಲೇ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುವ ನಾನು, ನಡುಕ ನಿಂತ ಕೈ ನೋಡಿ ಆರೋಗ್ಯವೆಂದು ತಿಳಿದು ಊರೆಲ್ಲ ತೋರಿಸಿಕೊಂಡು ತಿರುಗಿದ್ದೆ. ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ರಕ್ತಪರೀಕ್ಷೆಗೆ ಹೋಗಿದ್ದೆ, ಎಲ್ಲ ಸರಿಯಾಗಿದೆ ಅಂದ್ಯಲ್ಲೋ."

"ಹೋಗ್ಲಿಲ್ಲ" ಎಂದ. "ಕಸದ ಬುಟ್ಟಿಗೆ ಹಾಕಿದ್ರೆ ಇವ್ಳು ನೋಡ್ತಾಳೆ. ಸಿಂಕಿಗೆ ಹಾಕಿದ್ರೆ ಜಾಲರೀಲಿ ನಿಲ್ಲುತ್ತೆ. ಆ ತೂತು ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತಿರ್ಲಿಲ್ಲ" ಎಂದ.

"ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರೋದಕ್ಕೇ ಕಣೋ ನಂಗೆ ಜನ ಅನ್ನ ಹಾಕ್ತಿರೋದು."

"ಕೆತ್ತೋಕಾಗ್ದೆ ಬದುಕಿ ಏನ್ಮಾಡ್ಲಿ ಅಕ್ಕ? ಒಂದೇ ವಾರ ಮಾತ್ರೆ ಬಿಟ್ಟು ನೋಡೋಣ ಅಂದ್ಕೊಂಡಿದ್ದೆ. ಆ ಫಲಕ ನೋಡಿ ನೀನು ಅಷ್ಟು ಖುಷಿಪಟ್ಯಲ್ಲ. ಆಮೇಲೆ ಹೇಗೆ ಹೇಳೋದು?"

ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಎತ್ತಲಿಲ್ಲ. ಅವನ ಕಾಲಲ್ಲಿ ಶೂ ಇರಲಿಲ್ಲ, ಎರಡು ನಂಬರ್ ದೊಡ್ಡದಾದ ಚಪ್ಪಲಿಯಿತ್ತು. ಕಿಡ್ನಿ ಸೋತಾಗ ಕಾಲಲ್ಲಿ ನೀರು ತುಂಬಿ ಊದುವುದನ್ನು ಅವನ ಹಳೆಯ ಕಾಯಿಲೆಯಲ್ಲೇ ಕಂಡಿದ್ದೆ. ಮುಂದೆ ಬಗ್ಗಿ ಅವನ ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದ ಗುಳಿ ಹಾಗೇ ನಿಂತಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಅದು ತುಂಬಿಕೊಳ್ಳಲಿಲ್ಲ.

ಫ್ರಿಜ್ಜನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು. ರಕ್ತದ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿದೆ ಎಂದರು. ಅವನು ನಡುಕದ ಮಾತೆತ್ತಿದಾಗ, "ಮೊದಲೇ ಬಂದು ಹೇಳಿದ್ದರೆ ಬೇರೆ ದಾರಿ ನೋಡಬಹುದಿತ್ತು, ಈಗ ಉಳಿದದ್ದನ್ನು ಉಳಿಸಿಕೊಳ್ಳಬೇಕು" ಎಂದರು. ಅಂದೇ ಆಸ್ಪತ್ರೆಗೆ ಸೇರಿಸಿಕೊಂಡು, ಇಂಜೆಕ್ಷನ್ನಿನ ಜೊತೆ ಮಾತ್ರೆಯನ್ನು ಎರಡು ಹೊತ್ತೂ ಪೂರ್ತಿ ಕೊಡತೊಡಗಿದರು. ಅವನು ನುಂಗಿದ ಮೇಲೆ ಪ್ರತಿ ಸಲವೂ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದೆ. ನಲವತ್ತು ವರ್ಷದ ಗಂಡಸು, ಮಗುವಿನ ಹಾಗೆ ತೋರಿಸಿದ.

ಆರನೆಯ ದಿನ ಮಧ್ಯಾಹ್ನ ಅವನಿಗೆ ಗಂಜಿ ಕೊಟ್ಟರು. ಚಮಚ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅವನ ಕೈ ಗಡಗಡ ನಡುಗಿ ಗಂಜಿಯೆಲ್ಲ ಅಂಗಿಯ ಮೇಲೆ ಚೆಲ್ಲಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿಬಿಟ್ಟು ನಕ್ಕುಬಿಟ್ಟೆ. ಅವನು ನನ್ನ ಮುಖ ನೋಡಿದ. ಚಮಚ ತಟ್ಟೆಯಲ್ಲಿಟ್ಟು, ಆ ಕೈಯನ್ನು ಹೊದಿಕೆಯ ಒಳಗೆಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.