ರಿಂಗಿನ ಮೇಲಿನ ವಿಭೂತಿ

ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬಿತ್ತು, ಉದಯಕುಮಾರ ಕಣ್ಣುಜ್ಜಿಕೊಂಡ, ಮಾನ್ವಿಯ ಮಿಲ್ಲುಗಳನ್ನು ದಾಟುವ ತನಕ ಬಸ್ಸಿನ ಕಿಟಕಿ ಮುಚ್ಚಿಕೊಂಡಿರಬೇಕು ಅಂತ ಇಲ್ಲಿನ ಕೂಸಿಗೂ ಗೊತ್ತು, ಇವನಿಗೆ ಇವತ್ತು ಮರೆತಿದೆ, ಮರೆಯದೆ ಏನು, ತಲೆಯೆಲ್ಲ ಮೊಬೈಲಿನೊಳಗೆ, ಸಂಜೆಯೊಳಗೆ ಉತ್ತರ ಕೊಡಿ, ಇಲ್ಲದಿದ್ದರೆ ಟೆಂಡರಿನಿಂದ ಹೊರಗೆ ಎಂದಿದ್ದಾರೆ ಪರದೇಶದವರು — ಹತ್ತಾರು ದೇಶ ಕೂಡಿ ನೆಲದಡಿಯಲ್ಲಿ ಕಟ್ಟಿದ ಸಂಶೋಧನಾ ಕೇಂದ್ರ, ಗಾಳಿಯನ್ನೆಲ್ಲ ಹೀರಿ ತೆಗೆದ ಉದ್ದನೆಯ ಕೊಳವೆ, ಆ ಕೊಳವೆಯ ಜೋಡಣೆಗೆ ಸ್ಟೀಲಿನ ರಿಂಗು ಬೇಕು, ಅದನ್ನು ರಾಯಚೂರಿನಲ್ಲಿ ಅಕ್ಕಿ ಗಿರಣಿಯ ಬಿಡಿಭಾಗ ಮಾಡುವ ಉದಯಕುಮಾರ ಮಾಡಿಕೊಡುತ್ತಾನಂತೆ, ಮಿಲ್ಲಿನ ವಿರೂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ತುಂಗಭದ್ರಾ ದಾಟಿ ಮಾಲು ಮಾರಿಲ್ಲ, ಸಮುದ್ರ ದಾಟಸ್ತಾನಂತ ನೋಡ್ರಿ, ನಗಲಿ ನಗಲಿ, ಅದೇ ವಿರೂಪಣ್ಣ ಈಗ ಬಿಡಿಭಾಗ ತರಿಸುವುದು ಕೊಯಮತ್ತೂರಿನಿಂದ, ಎಲ್ಲರೂ ಅಲ್ಲಿಂದಲೇ, ಈ ಕೆಲಸ ಸಿಗದಿದ್ದರೆ ಶಂಶುದ್ದೀನನ ಜೊತೆ ಸೇರಿ ಹಾಕಿದ ವರ್ಕ್‌ಶಾಪಿಗೆ ಬೀಗವೇ ಗತಿ, ಆದರೂ ಎಷ್ಟು ಹುರುಪಿತ್ತು ಆಗ, ಅವರ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದ್ದೇನು, ಕೆಲಸದ ವಿವರ ಒಂದು ಕಡೆ, ದರ ಇನ್ನೊಂದು ಕಡೆ, ಮೊದಲನೆಯದು ಪಾಸಾದರೇ ಎರಡನೆಯದನ್ನು ತೆರೆಯುವುದು, ಅಣ್ಣಾ, ಅಲ್ಲಿ ಸಾಹೇಬರ ಪರಿಚಯ ನಡಿಯಂಗಿಲ್ಲಂತ, ಮಾಲು ಚಂದ ಇದ್ರ ಆಯ್ತಂತ, ಶಂಶುದ್ದೀನ್ ಹೇಳಿ ಹೇಳಿ ಖುಷಿಪಟ್ಟಿದ್ದ, ಮತ್ತೆ ಸ್ಯಾಂಪಲ್ಲು, ಅದರ ಮೇಲೆ ಬೆವರಿನ ಗುರುತೂ ಇರಕೂಡದು, ಒಂದಿಷ್ಟು ಪುಡಿ ಇದ್ದರೂ ಕೊಳವೆ ಕೆಟ್ಟಿತು, ಕೈಗವಸು ಹಾಕಿ ತೊಳೆದು ಎರಡು ಕವರಿನಲ್ಲಿ ಮುಚ್ಚಿದ್ದು ತಾನೇ, ಇಷ್ಟನ್ನೂ ಬ್ಯಾಂಕಿನವರಿಗೆ ಹೇಳಿದ, ಕೊರಿಯರಿನವನಿಗೆ ಹೇಳಿದ, ಮನೆಯಲ್ಲಿ ಹೇಳಲಿಲ್ಲ, ದೀಪದ ಬುಡದಲ್ಲೇ ಕತ್ತಲು, ಅಕ್ಕಾ, ನಾಳಿ ಒಂದು ಮಾಲು ಹೊಂಟದ ಅಂದು ಡಬ್ಬಿಯನ್ನು ದೇವರ ಜಗಲಿಯ ಹತ್ತಿರ ಇಟ್ಟು ಜಳಕಕ್ಕೆ ಹೋದ, ಅಷ್ಟೇ.

ಅಷ್ಟು ಸಾಕಿತ್ತು ಅಕ್ಕನಿಗೆ. ಮೊದಲ ಮಾಲು ವಿಭೂತಿಯಿಲ್ಲದೆ ಹೊಸಿಲು ದಾಟುವುದುಂಟೇ ಈ ಸೀಮೆಯಲ್ಲಿ, ಮಿಲ್ಲಿನ ಮೊದಲ ಚೀಲಕ್ಕೆ ಹಚ್ಚುತ್ತಾರೆ, ಹೊಸ ಟ್ರ್ಯಾಕ್ಟರಿಗೆ ಹಚ್ಚುತ್ತಾರೆ, ವರ್ಕ್‌ಶಾಪಿನ ಎಷ್ಟು ರೋಲರಿಗೆ ಅವಳೇ ಹಚ್ಚಿಲ್ಲ, ಅವಳು ಕವರು ಬಿಚ್ಚಿದಳು, ಕೃಷ್ಣಾ ದಂಡೆಯ ಗೂಗಲ್ ಊರಿನ ಅಲ್ಲಮಪ್ರಭುವಿನ ಗುಡಿಯಿಂದ ತಂದ ವಿಭೂತಿ ತೇದು ಮೂರು ಬೆರಳು ಎಳೆದಳು, ಮತ್ತೆ ಮೊದಲಿನಂತೆ ಟೇಪು ಹಚ್ಚಿದಳು, ಆ ಟೇಪು ಹಚ್ಚಿದ ಚೊಕ್ಕತನ ನೋಡಬೇಕು, ಇವನಿಗೇ ಗೊತ್ತಾಗಲಿಲ್ಲ, ಗೊತ್ತಾದದ್ದು ನಿನ್ನೆ, ಫೋಟೋ ಕಳಿಸಿದ್ದಾರೆ, ಕನ್ನಡಿಯಂಥ ಸ್ಟೀಲಿನ ಮೇಲೆ ಮೂರು ಬೂದಿ ಗೆರೆ, ಮೂರನೆಯದು ಗಿಡ್ಡ — ದೇವದುರ್ಗದಲ್ಲಿ ಗಂಡನ ಹೊಲ ಕೊಯ್ಯುವಾಗ ಕುಡುಗೋಲು ಬಡಿದು ಉಂಗುರ ಬೆರಳು ಮಡಚಿಕೊಂಡೇ ಉಳಿದಿತ್ತಲ್ಲ, ಗಂಡ ಸತ್ತ ಮೇಲೆ ಆ ಕೈಯಲ್ಲೇ ತಮ್ಮನ ಮನೆಗೆ ಬಂದು ರೊಟ್ಟಿ ಬಡಿದಳಲ್ಲ, ತಮ್ಮಾ, ಲಗ್ನ ಆಗೋ, ನನ್ನ ಹಿಂದ ನಿನಗ ಯಾರು ಅದಾರ, ಆಗ ನಗುತ್ತಿದ್ದ ಇವನು, ಪಾರ್ಸೆಲ್ಲು ವಿಮಾನ ಹತ್ತಿದ ವಾರಕ್ಕೆ ಒಲೆಯ ಮುಂದೆ ಕೂತವಳು ಕೂತಲ್ಲೇ ಒರಗಿದಳು, ಕೂತ ಭಂಗಿಯಲ್ಲೇ ಮಣ್ಣು ಮಾಡಿದರು, ಬಂದ ನೆಂಟರು ಸೀರೆ ಹಂಚಿಕೊಂಡರು, ಅವಳು ಕೈಯೂರಿ ಏಳುತ್ತಿದ್ದ ಕಡೆ ಎಣ್ಣೆಯ ಕಲೆ ಕೂತಿದ್ದ ಗೋಡೆಗೆ ಸುಣ್ಣ ಬಳಿಸಿದರು, ಮನಿ ಹೊಲಸು ಕಾಣತದ ಅಂದರು, ಇವನು ಹೂಂ ಅಂದ, ಆ ಹೂಂ ಈಗ ಎದೆಯಲ್ಲಿ ಮುಳ್ಳಾಗಿ ಕೂತಿದೆ, ಮನೆಗೆ ಹೋದರೆ ಬಿಳಿ ಗೋಡೆ, ಉಂಡ್ಯಾ ಅಂತ ಕೇಳುವವರಿಲ್ಲ, ಕಲ್ಲೂರು ಬಂತು, ಯಾರೋ ಇಳಿದರು, ಫೋನು, ಶಂಶುದ್ದೀನ್, ಏನ್ ಬರದ್ರಿ ಅಣ್ಣಾ, ತೊಳೀರಿ ಅಂತ ಬರೀರಿ ಮತ್ತ, ಅದರಾಗ ವಿಚಾರ ಮಾಡೂದೇನದ, ಬರೀತೀನೋ, ಬರೀತೀನಿ, ಆ ಗೆರೆ ಅಕ್ಕಂದು ಅಂತ ಹೇಳಲಿಲ್ಲ, ಹೇಳಿದರೆ ಅವನೂ ತೊಳಿಯೂದು ಬ್ಯಾಡ್ರಿ ಅಂದುಬಿಟ್ಟರೆ, ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ, ಪರದೇಶದವರು ಎರಡೇ ದಾರಿ ಇಟ್ಟಿದ್ದಾರೆ, ತೊಳೆದು ಮತ್ತೆ ಪರೀಕ್ಷೆ ಮಾಡಬೇಕೋ ಅಥವಾ ಇದ್ದ ಹಾಗೇ ವಾಪಸು ಕಳಿಸಬೇಕೋ, ವಾಪಸು ಬಂದರೆ ಸ್ಪರ್ಧೆ ಮುಗಿಯಿತು, ಜೊತೆಗೆ ಪುಡಿ ಹೇಗೆ ಬಿತ್ತು ತಿಳಿಸಿ, ಹೇಗೆ ಅಂತ ತಿಳಿಸಲಿ, ಇಂಗ್ಲಿಷಿನಲ್ಲಿ ಅಕ್ಕನಿಗೂ ತಂಗಿಗೂ ಒಂದೇ ಮಾತು, ಮನೆಯವರು ಮುಟ್ಟಿದ್ದರು, ಇನ್ನು ಮೇಲೆ ಮುಟ್ಟುವುದಿಲ್ಲ ಅಂತ ಬರೆದ, ಇನ್ನು ಮೇಲೆ ಮುಟ್ಟುವುದಿಲ್ಲ, ಓದಿಕೊಂಡ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ, ಪಕ್ಕದಲ್ಲಿ ಕೂತ ಮುದುಕಿ ಯಾಕಪ್ಪಾ ಅಂದಳು, ಕಣ್ಣಾಗ ಹೊಟ್ಟು ಬಿದ್ದದ ಯವ್ವಾ ಅಂದ, ತೊಳೆಯಿರಿ ಎಂಬ ಕಡೆ ಹೆಬ್ಬೆರಳು ಇಟ್ಟ, ಒತ್ತಿದ, ಹೋಯಿತು, ಎಷ್ಟು ಹಗುರಾಗಿ ಹೋಯಿತು, ಅಲ್ಲಿ ಬೆಳಗಿನ ಹೊತ್ತು ಇರಬೇಕು, ಕೈಗವಸು ತೊಟ್ಟ ಯಾರೋ ಈಗ ರಿಂಗು ಎತ್ತಿಕೊಳ್ಳುತ್ತಾರೆ, ಬಿಳಿ ಬಟ್ಟೆ ಒದ್ದೆ ಮಾಡುತ್ತಾರೆ, ಮೊದಲ ಗೆರೆ ಹೋಗುತ್ತದೆ, ಎರಡನೆಯದು ಹೋಗುತ್ತದೆ, ಆಮೇಲೆ ಆ ಗಿಡ್ಡನೆಯದು, ಮಡಚಿದ ಬೆರಳಿನದು, ಆ ಗಿಡ್ಡ ಗೆರೆ —